ಮಗುವಿಗೆ ಮಾತಿನ ನೆರವು: ಶಾಲೆಯನ್ನು ಕೇಳಲು ಸಂಕೋಚವೇಕೆ?

ನಿಮ್ಮ ಮನೆಯಲ್ಲಿ ಆರು ವರ್ಷ ದಾಟಿದ ಮಗುವೊಂದಿದೆ ಎಂದುಕೊಳ್ಳಿ. ಆಟದಲ್ಲಿ ಚುರುಕು. ಹೇಳಿದ ಕೆಲಸವನ್ನು ಕೂಡಲೇ ಮಾಡುತ್ತದೆ. ಆದರೆ ಅದು 'ರೊಟ್ಟಿ' ಎಂದರೆ 'ಲೊತ್ತಿ' ಎಂದು ಕೇಳಿಸುತ್ತದೆ, 'ಕಾಗೆ' ಎಂದರೆ 'ತಾದೆ' ಎಂದು ಕೇಳಿಸುತ್ತದೆ. ಮನೆಯವರಿಗೆ ಅರ್ಥವಾಗುತ್ತದೆ. ತರಗತಿಯಲ್ಲಿ ಅರ್ಥವಾಗುವುದಿಲ್ಲ. ಓದು ಎಂದು ಎಬ್ಬಿಸಿದಾಗ ಪಕ್ಕದ ಮಕ್ಕಳು ನಗುತ್ತಾರೆ. ನಾಲ್ಕು ದಿನ ಹೀಗಾದ ಮೇಲೆ ಮಗು ಬಾಯಿ ತೆರೆಯುವುದನ್ನೇ ಬಿಟ್ಟುಬಿಡುತ್ತದೆ. ಐದನೆಯ ದಿನ ಹೊಟ್ಟೆನೋವು ಎಂದು ಶಾಲೆಗೇ ಹೋಗುವುದಿಲ್ಲ.

ಮನೆಯಲ್ಲಿ ದಾದಿ ಸಮಾಧಾನ ಹೇಳುತ್ತಾರೆ: "ಇವನ ಅಬ್ಬಾ ಕೂಡ ಐದು ವರ್ಷ ದಾಟಿದ ಮೇಲೆಯೇ ಸರಿಯಾಗಿ ಮಾತಾಡಿದ್ದು. ಗಾಬರಿಯಾಗಬೇಡ ಬೇಟಿ." ಯಾರೋ ಬಜೆ ತೇಯ್ದು ನಾಲಿಗೆಗೆ ಹಚ್ಚಲು ಹೇಳುತ್ತಾರೆ. ಇನ್ಯಾರೋ ತಾಯಿತ ಕಟ್ಟಿಸಲು ಹೇಳುತ್ತಾರೆ. ಕೊನೆಗೆ ಒಬ್ಬ ವೈದ್ಯರು, "ಮಗುವಿಗೆ ಸ್ಪೀಚ್ ಥೆರಪಿ ಬೇಕು. ವಾರಕ್ಕೆ ಎರಡು ಸಲ ಕರೆತನ್ನಿ" ಎನ್ನುತ್ತಾರೆ.

ಇದು ನಗರದಲ್ಲಿ ಸುಲಭದ ಮಾತು. ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನಲ್ಲೋ ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲೋ ಇರುವ ತಾಯಿಗೆ ಇದು ಬೇರೆಯೇ ಲೆಕ್ಕ. ವಾರಕ್ಕೆ ಎರಡು ದಿನ ಪೇಟೆಗೆ ಹೋಗುವುದೆಂದರೆ ಎರಡು ದಿನದ ಕೂಲಿ ಹೋಯಿತು. ಮಗುವಿನ ಪಾಠವೂ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಸ್ಸಿನ ಟಿಕೆಟ್ ಖರ್ಚು ಉಳಿಯಿತು ನಿಜ. ಆದರೆ ಹತ್ತಿ ಬಿಡಿಸುವ ಕಾಲದಲ್ಲಿ ಕಳೆದುಹೋದ ಕೂಲಿಯನ್ನು ಯಾರು ಕೊಡುತ್ತಾರೆ? ಥೆರಪಿಯ ಫೀಸು ಎಲ್ಲಿಂದ ಬರಬೇಕು?

ಆಗ ಮನೆಯಲ್ಲಿ ಒಂದು ಮಾತು ಬರುತ್ತದೆ: "ಶಾಲೆಯವರನ್ನು ಕೇಳಿದರೆ ಹೇಗೆ?" ಮರುಕ್ಷಣವೇ ಉತ್ತರವೂ ಬರುತ್ತದೆ: "ಶಾಲೆಯವರು ಪಾಠ ಹೇಳುತ್ತಾರೆ, ಔಷಧಿಯ ಖರ್ಚು ಕೊಡುತ್ತಾರೆಯೇ?"

ಸಹೋದರಿಯರೇ, ನಾವು ಎಡವುವುದು ಇಲ್ಲಿಯೇ. ಮಾತು ಕಲಿಸುವುದು ಬರೀ ಔಷಧಿಯ ವಿಷಯವಲ್ಲ. ಅದು ಪಾಠದ ವಿಷಯವೂ ಹೌದು. ಆದ್ದರಿಂದ ಶಾಲೆಯನ್ನು ಕೇಳಬಹುದು, ಕೇಳಲೇಬೇಕು. ಏನು ಕೇಳಬೇಕು, ಹೇಗೆ ಕೇಳಬೇಕು, ಎಷ್ಟು ಸಿಗಬಹುದು ಎಂಬುದನ್ನು ತಿಳಿದುಕೊಂಡು ಕೇಳಬೇಕು.

ಮೊದಲು ಕಿವಿ ನೋಡಿಸಿ

ಶಾಲೆಯ ಬಾಗಿಲಿಗೆ ಹೋಗುವ ಮೊದಲು ಒಂದು ಕೆಲಸವಿದೆ. ಮಾತಾಡದ ಮಗುವಿನ ನಾಲಿಗೆಯನ್ನೇ ಎಲ್ಲರೂ ನೋಡುತ್ತಾರೆ. ನೋಡಬೇಕಾದುದು ಮೊದಲು ಕಿವಿಯನ್ನು. ಮಗು ಮಾತು ಕಲಿಯುವುದು ಕೇಳಿಸಿಕೊಂಡು. ಎರಡೂ ಕಿವಿ ಅರ್ಧಂಬರ್ಧ ಕೇಳಿಸುವ ಮಗು ಬಾಗಿಲು ಬಡಿದ ಸದ್ದಿಗೆ ತಿರುಗಿ ನೋಡಬಹುದು, ಆದರೆ 'ಸ', 'ಶ'ಗಳಂಥ ತೆಳುವಾದ ಅಕ್ಷರಗಳು ಅದಕ್ಕೆ ತಲುಪುವುದೇ ಇಲ್ಲ. ಪದೇ ಪದೇ ಕಿವಿ ಸೋರುವ ಮಗುವಿನ ಪಾಡೂ ಹೀಗೆಯೇ. ಕಿವಿ, ಮೂಗು, ಗಂಟಲಿನ ವಿಭಾಗವಿರುವ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡಿಸಿ, ಅದರ ಕಾಗದವನ್ನು ಇಟ್ಟುಕೊಳ್ಳಿ.

ಸಾಮಾನ್ಯವಾಗಿ ಮಗು ಒಂದು ವರ್ಷದ ಹೊತ್ತಿಗೆ ಒಂದೆರಡು ಪದ ಆಡುತ್ತದೆ. ಎರಡು ವರ್ಷಕ್ಕೆ ಎರಡು ಪದ ಜೋಡಿಸುತ್ತದೆ. ಮೂರು ವರ್ಷಕ್ಕೆ ಸಣ್ಣ ವಾಕ್ಯ ಆಡುತ್ತದೆ. ನಾಲ್ಕು ವರ್ಷಕ್ಕೆ ಹೊರಗಿನವರಿಗೂ ಅದರ ಮಾತು ಬಹುಮಟ್ಟಿಗೆ ಅರ್ಥವಾಗಬೇಕು. ಒಂದು ತಿಂಗಳು ಹೆಚ್ಚು ಕಡಿಮೆಯಾದರೆ ಭಯಪಡಬೇಕಾಗಿಲ್ಲ. ಆದರೆ ಎರಡು ವರ್ಷಕ್ಕೆ ಒಂದು ಪದವೂ ಇಲ್ಲದಿದ್ದರೆ, ಬಂದ ಮಾತು ನಿಂತುಹೋದರೆ, ನಾಲ್ಕೈದು ವರ್ಷವಾದರೂ ಹೊರಗಿನವರಿಗೆ ಮಾತು ತಿಳಿಯದಿದ್ದರೆ ಕಾಯಬಾರದು. ಬಜೆಯಿಂದ ಮಾತು ಬರುವುದಿಲ್ಲ. ಅದನ್ನು ನಂಬಿ ಕಳೆದ ವರ್ಷಗಳು ಮಾತ್ರ ಮತ್ತೆ ಬರುವುದಿಲ್ಲ.

ತಾಯಂದಿರಿಗೆ ಇನ್ನೊಂದು ಮಾತು. ಮಗುವಿಗೆ ಮಾತು ಬಾರದಿದ್ದರೆ ಊರೆಲ್ಲ ತಾಯಿಯತ್ತ ಬೆರಳು ತೋರಿಸುತ್ತದೆ. ಹುಟ್ಟಿನಿಂದ ಬಂದ ಕಿವುಡುತನ, ಸೀಳು ಅಂಗುಳ, ಅವಧಿಗೆ ಮುನ್ನ ಹೆರಿಗೆ, ಹುಟ್ಟಿದಾಗ ಬಂದ ತೀವ್ರ ಕಾಮಾಲೆ, ಬೆಳವಣಿಗೆಯ ತೊಂದರೆ, ಹೀಗೆ ಕಾರಣಗಳು ಹಲವು. ಎಷ್ಟೋ ಮಕ್ಕಳಲ್ಲಿ ಕಾರಣವೇ ತಿಳಿಯುವುದಿಲ್ಲ. ಯಾರ ತಪ್ಪು ಎಂದು ಹುಡುಕುವುದರಿಂದ ಮಗುವಿಗೆ ಒಂದು ಅಕ್ಷರದ ಲಾಭವೂ ಇಲ್ಲ.

ಚಿಕಿತ್ಸೆಯೋ, ಶಿಕ್ಷಣವೋ?

ಸ್ಪೀಚ್ ಥೆರಪಿ ಎಂದರೆ ಸೂಜಿ, ಮಾತ್ರೆ ಎಂದು ತಿಳಿದವರಿದ್ದಾರೆ. ಅಲ್ಲಿ ನಡೆಯುವುದು ಇಷ್ಟೆ: ತರಬೇತಿ ಪಡೆದವರು ಮಗುವಿನೊಂದಿಗೆ ಕುಳಿತು ಚಿತ್ರ, ಆಟಿಕೆ, ಕನ್ನಡಿ, ಊದುವ ಪೀಪಿ ಹಿಡಿದು ಒಂದೊಂದೇ ಧ್ವನಿಯನ್ನು, ಪದವನ್ನು, ವಾಕ್ಯವನ್ನು ಕಲಿಸುತ್ತಾರೆ. ಅದನ್ನೇ ಮನೆಯಲ್ಲಿ ದಿನವೂ ಹೇಗೆ ಮಾಡಿಸಬೇಕೆಂದು ತಾಯಿಗೆ ತೋರಿಸಿಕೊಡುತ್ತಾರೆ. ತೊದಲುವ ಮಗುವಿಗೆ ಉಸಿರು, ನಿಧಾನ, ಧೈರ್ಯ ಕಲಿಸುತ್ತಾರೆ. ಇದು ಕಲಿಕೆಯಲ್ಲದೆ ಇನ್ನೇನು? ಮಾತು ಬಾರದ ಮಗು ಓದುವುದರಲ್ಲೂ ಬರೆಯುವುದರಲ್ಲೂ ಹಿಂದೆ ಬೀಳುತ್ತದೆ ಎಂಬುದು ಯಾವ ಶಿಕ್ಷಕರಿಗೂ ತಿಳಿದ ಸಂಗತಿ.

ಅಮೆರಿಕದಲ್ಲಿ 1975ರಲ್ಲೇ ಬಂದ ಕಾನೂನು, ವಿಕಲಚೇತನ ಮಗುವಿನ ಓದಿಗೆ ಸ್ಪೀಚ್ ಥೆರಪಿ ಬೇಕಾದರೆ ಸರಕಾರಿ ಶಾಲೆಯೇ ಅದನ್ನು ಪಾಲಕರ ಖರ್ಚಿಲ್ಲದೆ ಕೊಡಬೇಕೆಂದು ವಿಧಿಸಿತು. ಅದನ್ನು ಆಸ್ಪತ್ರೆಯ ಬಾಬ್ತೆಂದು ತಳ್ಳಿಹಾಕದೆ, ಶಿಕ್ಷಣಕ್ಕೆ ಹೊಂದಿಕೊಂಡ ಸೇವೆಯೆಂದು ಎಣಿಸಿತು. ನಮ್ಮಲ್ಲಿ ಅಷ್ಟು ಬಿಡಿಸಿ ಬರೆದಿಲ್ಲ. ಹಾಗೆಂದು ನಮ್ಮ ಕೈ ಖಾಲಿಯಾಗಿಯೂ ಇಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿಗೆ ಅದು ಉಚಿತ ಶಿಕ್ಷಣ ಕೊಟ್ಟಿತು. ಅನಂತರ ಬಂದದ್ದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಶ್ರವಣದೋಷ, ಮಾತು ಮತ್ತು ಭಾಷೆಯ ವೈಕಲ್ಯ, ಆಟಿಸಂ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ ಇವೆಲ್ಲ ಅದರಲ್ಲಿ ಸೇರಿವೆ.

ಈ ಕಾಯ್ದೆಯ 16ನೇ ಸೆಕ್ಷನ್ ಅನ್ನು ಹೆತ್ತವರು ನೆನಪಿಟ್ಟುಕೊಳ್ಳಬೇಕು. ಸರಕಾರದ ಅನುದಾನ ಪಡೆಯುವ ಅಥವಾ ಸರಕಾರದ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಯೂ ವಿಕಲಚೇತನ ಮಗುವನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು, ಬೇಕಾದ ವೈಯಕ್ತಿಕ ನೆರವು ಒದಗಿಸಬೇಕು, ಮಗುವಿನ ಪ್ರಗತಿಯನ್ನು ಗಮನಿಸುತ್ತಿರಬೇಕು ಎಂಬುದು ಅದರ ಸಾರ. ಮಾನ್ಯತೆ ಪಡೆದ ಶಾಲೆ ಎಂದರೆ ಖಾಸಗಿ ಶಾಲೆಯೂ ಬಂತು. 17ನೇ ಸೆಕ್ಷನ್ ಸಂಪನ್ಮೂಲ ಕೇಂದ್ರಗಳನ್ನು ತೆರೆಯುವ, ಶಿಕ್ಷಕರಿಗೆ ತರಬೇತಿ ಕೊಡುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. 31ನೇ ಸೆಕ್ಷನ್ ಪ್ರಕಾರ ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣ.

ಇಲ್ಲಿ ಎರಡು ವಿಷಯಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದು, 16ನೇ ಸೆಕ್ಷನ್‌ನಲ್ಲಿ 'ಸ್ಪೀಚ್ ಥೆರಪಿ' ಎಂಬ ಹೆಸರಿಲ್ಲ. 'ಅಗತ್ಯವಾದ ನೆರವು' ಎಂಬ ಮಾತಿದೆ. ಆ ನೆರವು ಸ್ಪೀಚ್ ಥೆರಪಿಯೇ ಎಂದು ತೋರಿಸಿಕೊಡುವುದು ನಿಮ್ಮ ಅರ್ಜಿ ಮತ್ತು ತಜ್ಞರ ವರದಿಯ ಕೆಲಸ. ಎರಡು, 'ಮಾತು ಮತ್ತು ಭಾಷೆಯ ವೈಕಲ್ಯ'ಕ್ಕೆ ಕಾಯ್ದೆ ಕೊಟ್ಟಿರುವ ಅರ್ಥ ಇಕ್ಕಟ್ಟಾದುದು. ಅಂಗದ ಅಥವಾ ನರದ ದೋಷದಿಂದಾದ ಶಾಶ್ವತ ವೈಕಲ್ಯವನ್ನಷ್ಟೇ ಅದು ಹೇಳುತ್ತದೆ. 'ರೊಟ್ಟಿ'ಯನ್ನು 'ಲೊತ್ತಿ' ಎನ್ನುವ, ಉಳಿದೆಲ್ಲ ಸರಿಯಿರುವ ಮಗುವಿಗೆ ಪ್ರಮಾಣಪತ್ರ ಸಿಗದೆ ಹೋಗಬಹುದು. ಹಾಗಾದರೆ ಬಾಗಿಲು ಮುಚ್ಚಿತೆಂದು ವಾಪಸ್ ಬರಬೇಡಿ. 16ನೇ ಸೆಕ್ಷನ್ ಶೇಕಡಾ 40ರ ಷರತ್ತು ಹಾಕಿಲ್ಲ. ಮುಂದೆ ಹೇಳಲಿರುವ ಶಾಲಾ ಆರೋಗ್ಯ ತಪಾಸಣೆಗೂ ಪ್ರಮಾಣಪತ್ರ ಬೇಕಾಗಿಲ್ಲ.

ಹಣ ಎಲ್ಲಿದೆ?

ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರು ತಮ್ಮ ಜೇಬಿನಿಂದ ಥೆರಪಿಯ ಫೀಸು ಕಟ್ಟಲಾರರು. ಅವರು ಕಟ್ಟಬೇಕಾಗಿಯೂ ಇಲ್ಲ. ಹಣ ಬರುವುದು ಸಮಗ್ರ ಶಿಕ್ಷಣ ಯೋಜನೆಯಿಂದ. 2018-19ರಲ್ಲಿ ಸರ್ವ ಶಿಕ್ಷಾ ಅಭಿಯಾನ ಮತ್ತು ಇತರ ಯೋಜನೆಗಳನ್ನು ಕೂಡಿಸಿ ಮಾಡಿದ ಈ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಸಮನ್ವಯ ಶಿಕ್ಷಣದ ಭಾಗವಿದೆ. ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ವೆಚ್ಚ ಮಾಡಲು ಅವಕಾಶವಿದೆ. ಹೆಣ್ಣುಮಕ್ಕಳಿಗೆ ಇದಲ್ಲದೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನವಿದೆ.

3,500 ರೂಪಾಯಿಯನ್ನು ಹತ್ತು ಶಾಲಾ ತಿಂಗಳಿಗೆ ಹಂಚಿದರೆ ತಿಂಗಳಿಗೆ 350 ಆಯಿತು. ಅಷ್ಟರಲ್ಲೇ ಸಾಧನ ಸಲಕರಣೆ, ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆ, ಥೆರಪಿ ಎಲ್ಲವೂ ಆಗಬೇಕು. ಒಂದೇ ಮಗುವಿಗೆ ಖಾಸಗಿ ಥೆರಪಿಸ್ಟರನ್ನು ವರ್ಷವಿಡೀ ಗೊತ್ತುಮಾಡಲು ಇದು ಸಾಲದು. ಆದರೆ ತಾಲ್ಲೂಕಿನ ಹತ್ತಿಪ್ಪತ್ತು ಮಕ್ಕಳಿಗೆ ಸೇರಿಸಿ, ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ವಾರಕ್ಕೊಂದು ದಿನ ಥೆರಪಿಸ್ಟರನ್ನು ಕರೆಸಬೇಕೆಂದು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಥೆರಪಿ ಸೇವೆ ಏರ್ಪಡಿಸಲು ಯೋಜನೆಯಲ್ಲೇ ಅವಕಾಶವಿದೆ. ಆದ್ದರಿಂದ "ನಮ್ಮ ಮಗುವಿಗೆ ದುಡ್ಡು ಕೊಡಿ" ಎನ್ನುವುದಕ್ಕಿಂತ "ನಮ್ಮ ಬ್ಲಾಕಿನ ಕೇಂದ್ರದಲ್ಲಿ ಥೆರಪಿಯ ದಿನ ಗೊತ್ತುಪಡಿಸಿ, ಮಗುವಿಗೆ ಮತ್ತು ಜೊತೆಗೆ ಬರುವವರಿಗೆ ಭತ್ಯೆ ಕೊಡಿ" ಎಂದು ಕೇಳುವುದು ಜಾಣತನ.

ಇಲ್ಲೊಂದು ಗುಟ್ಟಿದೆ. ಯೋಜನೆಯ ಹಣ ಮಕ್ಕಳ ಎಣಿಕೆಯ ಮೇಲೆ ಬರುತ್ತದೆ. ಪ್ರತಿ ಶಾಲೆಯೂ ತುಂಬುವ ಯುಡೈಸ್ ಮಾಹಿತಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಕಾಲಂ ಇದೆ. ನಿಮ್ಮ ಮಗು ಅಲ್ಲಿ ದಾಖಲಾಗದಿದ್ದರೆ ಮುಂದಿನ ವರ್ಷದ ಬಜೆಟ್ಟಿನಲ್ಲಿ ಅದರ ಪಾಲು ಇರುವುದಿಲ್ಲ. ಹೆಣ್ಣುಮಗುವಿಗೆ ಮುಂದೆ ಮದುವೆ ಸಂಬಂಧ ಬರಲಿಕ್ಕಿಲ್ಲವೆಂದು, ಹುಡುಗನನ್ನು ಮೂಗ ಎಂದು ಕರೆಯುತ್ತಾರೆಂದು ಎಷ್ಟೋ ಮನೆಯವರು ವಿಷಯ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮಗು ಸರಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹತ್ತು ಮನೆಯವರು ಮುಚ್ಚಿಟ್ಟರೆ "ಈ ತಾಲ್ಲೂಕಿಗೆ ಥೆರಪಿಸ್ಟರ ಅಗತ್ಯವಿಲ್ಲ" ಎಂದು ಕಾಗದ ಹೇಳುತ್ತದೆ.

ಯಾರ ಬಳಿ ಹೋಗಬೇಕು?

ಮೊದಲು ತರಗತಿಯ ಶಿಕ್ಷಕರು, ಅನಂತರ ಮುಖ್ಯೋಪಾಧ್ಯಾಯರು. ಎನ್.ಸಿ.ಇ.ಆರ್.ಟಿ. 2022ರಲ್ಲಿ 'ಪ್ರಶಸ್ತ್' ಎಂಬ ತಪಾಸಣಾ ಪಟ್ಟಿಯನ್ನು ಮೊಬೈಲ್ ಆಪ್ ರೂಪದಲ್ಲಿ ಹೊರತಂದಿದೆ. ಶಿಕ್ಷಕರು ಅದನ್ನು ತುಂಬಿ ಮಗುವಿಗೆ ಯಾವ ತೊಂದರೆಯಿರಬಹುದೆಂದು ಗುರುತಿಸಬಹುದು. ಅವರಿಗೆ ಗೊತ್ತಿಲ್ಲದಿದ್ದರೆ ನೀವೇ ನೆನಪಿಸಿ.

ಪ್ರತಿ ಬ್ಲಾಕಿನ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು ಇರುತ್ತಾರೆ. ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಹೆಸರು ಬರೆಸುವುದು, ಶಾಲೆಗೆ ಬರಲಾರದ ಮಗುವಿಗೆ ಗೃಹಾಧಾರಿತ ಶಿಕ್ಷಣ ಕೊಡುವುದು ಅವರ ಕೆಲಸ. ಆದರೆ ವಿಶೇಷ ಶಿಕ್ಷಕರೇ ಸ್ಪೀಚ್ ಥೆರಪಿಸ್ಟರಲ್ಲ ಎಂಬುದು ನೆನಪಿರಲಿ. ಸ್ಪೀಚ್ ಥೆರಪಿಸ್ಟರು ಅದರಲ್ಲೇ ಪದವಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದವರು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ವಿಶೇಷ ಶಿಕ್ಷಕರ ಕೊರತೆ ಸುಪ್ರೀಂ ಕೋರ್ಟಿನವರೆಗೂ ಹೋದ ವಿಷಯ. 2021ರ ಅಕ್ಟೋಬರ್ 28ರ ತೀರ್ಪಿನಲ್ಲಿ ಕೋರ್ಟು, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಅದಕ್ಕೂ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಹೇಳಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಗೊತ್ತುಪಡಿಸಿ ಪ್ರಕಟಿಸುವಂತೆ ರಾಜ್ಯಗಳಿಗೆ ಮತ್ತೆ ಆದೇಶಿಸಿತು.

ಇನ್ನೊಂದು ದಾರಿ ಆರೋಗ್ಯ ಇಲಾಖೆಯದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಕಿವುಡುತನ, ಸೀಳು ತುಟಿ, ಮಾತಿನ ಹಿನ್ನಡೆ ಅವರ ಪಟ್ಟಿಯಲ್ಲಿವೆ. ತೊಂದರೆ ಕಂಡ ಮಗುವನ್ನು ಅವರು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಆ ಕೇಂದ್ರದ ಸಿಬ್ಬಂದಿಯ ಪಟ್ಟಿಯಲ್ಲಿ ಶ್ರವಣ ಮತ್ತು ವಾಕ್ ತಜ್ಞರ ಹುದ್ದೆಯಿದೆ. ಆ ತಂಡ ಬರುವ ದಿನ ಯಾವುದೆಂದು ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿ. ಅಂದು ಮಗುವನ್ನು ತಪ್ಪದೆ ಕಳುಹಿಸಿ, ಸಾಧ್ಯವಾದರೆ ನೀವೂ ಹೋಗಿ. ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಭೇಟಿಯಾಗಿ.

ದೊಡ್ಡ ಪರೀಕ್ಷೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಲ್ಲಿ ಆರಂಭವಾದ ಈ ಕೇಂದ್ರ ಸರಕಾರಿ ಸಂಸ್ಥೆ ದೂರದವರಿಗೆ ಇಂಟರ್‌ನೆಟ್ ಮೂಲಕವೂ ಥೆರಪಿ ಕೊಡುತ್ತದೆ. ರಾಯಚೂರಿನವರಿಗೆ ಮೈಸೂರಿಗಿಂತ ಹತ್ತಿರದ್ದು ಸಿಕಂದರಾಬಾದ್. ಅಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. 1983ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಹೈದರಾಬಾದಿನವರಾದ, ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ಅಲಿ ಯಾವರ್ ಜಂಗ್‌ರ ಹೆಸರಿಡಲಾಗಿದೆ. ಒಮ್ಮೆ ಅಲ್ಲಿಗೆ ಹೋಗಿ ವರದಿ ತಂದರೆ, ಆ ವರದಿಯನ್ನು ಹಿಡಿದು ಊರಿನ ಶಾಲೆಯಲ್ಲಿ ಕೇಳುವ ಮಾತಿಗೆ ತೂಕ ಬರುತ್ತದೆ.

ಬಾಯಿಮಾತು ಬೇಡ, ಬರೆದು ಕೊಡಿ

ಶಾಲೆಯ ಗೇಟಿನಲ್ಲಿ ನಿಂತು ಕೇಳಿದ ಮಾತು ಗಾಳಿಗೆ ಹೋಗುತ್ತದೆ. ಜೂನ್‌ನಲ್ಲಿ, ಶಾಲೆ ಆರಂಭವಾದ ಕೂಡಲೇ ಒಂದು ಅರ್ಜಿ ಕೊಡಿ. ತಪಾಸಣೆಯ ಶಿಬಿರಕ್ಕೂ ಮುಂದಿನ ವರ್ಷದ ಯೋಜನೆಗೂ ಹೆಸರು ಸೇರಲು ಸಮಯ ಸಿಗುತ್ತದೆ. ಬರೆಯಲು ಬಾರದವರು ಬರೆಯಬಲ್ಲವರಿಂದ ಬರೆಸಿ ಹೆಬ್ಬೆಟ್ಟು ಒತ್ತಿದರೂ ಅದು ಅರ್ಜಿಯೇ. ಹೀಗಿರಲಿ:

"ಮಾನ್ಯ ಮುಖ್ಯೋಪಾಧ್ಯಾಯರಿಗೆ, ನನ್ನ ಮಗ ತಮ್ಮ ಶಾಲೆಯ 1ನೇ ತರಗತಿಯಲ್ಲಿ ಓದುತ್ತಿದ್ದಾನೆ. ಅವನ ಮಾತು ಸ್ಪಷ್ಟವಿಲ್ಲದ ಕಾರಣ ಓದುವುದಕ್ಕೂ ಉತ್ತರ ಹೇಳುವುದಕ್ಕೂ ತೊಂದರೆಯಾಗುತ್ತಿದೆ. ವೈದ್ಯರ ಮತ್ತು ವಾಕ್ ತಜ್ಞರ ವರದಿ ಲಗತ್ತಿಸಿದ್ದೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್ ಪ್ರಕಾರ ಈ ನೆರವು ಕೋರುತ್ತೇನೆ: 1) ಮಗುವಿನ ಹೆಸರನ್ನು ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿಯಲ್ಲಿ ದಾಖಲಿಸುವುದು. 2) ಬ್ಲಾಕ್ ಸಂಪನ್ಮೂಲ ಕೇಂದ್ರದ ಮೂಲಕ ಸ್ಪೀಚ್ ಥೆರಪಿ ಮತ್ತು ಪ್ರಯಾಣ, ಬೆಂಗಾವಲು ಭತ್ಯೆ ಒದಗಿಸುವುದು. 3) ಥೆರಪಿಗೆ ಹೋದ ದಿನ ಹಾಜರಾತಿಯಲ್ಲಿ ರಿಯಾಯಿತಿ ನೀಡುವುದು. 4) ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುವುದು, ಉತ್ತರ ಹೇಳಲು ಹೆಚ್ಚು ಸಮಯ ಕೊಡುವುದು. ತಮ್ಮ ಉತ್ತರವನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ."

ಇದರ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಇನ್ನೊಂದು ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಹೋಗಲಿ. ನಿಮ್ಮ ಪ್ರತಿಯ ಮೇಲೆ ಶಾಲೆಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಆ ಮೊಹರೇ ನಿಮ್ಮ ಬಲ. ಅರ್ಜಿಯ ಪಟ್ಟಿಯಲ್ಲಿ ಮೂರನೆಯ, ನಾಲ್ಕನೆಯ ಅಂಶಗಳಿಗೆ ಒಂದು ಪೈಸೆಯ ಖರ್ಚೂ ಇಲ್ಲ. ಹಣ ಬರುವವರೆಗೆ ಅವನ್ನು ಮಾರನೆಯ ದಿನದಿಂದಲೇ ಮಾಡಬಹುದು.

"ನಮ್ಮಲ್ಲಿ ಆಗುವುದಿಲ್ಲ" ಎಂದರೆ?

ಸಿಟ್ಟಾಗಬೇಡಿ. ಎಷ್ಟೋ ಶಿಕ್ಷಕರಿಗೆ ಈ ಯೋಜನೆಗಳ ವಿವರ ತಿಳಿದಿರುವುದಿಲ್ಲ. ಒಬ್ಬರೇ ಮೂರು ತರಗತಿ ನಡೆಸುವ ಶಾಲೆಗಳೂ ಇವೆ. ಅವರನ್ನು ವಿರೋಧಿ ಮಾಡಿಕೊಂಡರೆ ನಷ್ಟ ಮಗುವಿಗೆ. "ಆಗುವುದಿಲ್ಲ ಎಂಬುದನ್ನೇ ಬರೆದುಕೊಡಿ ಸರ್, ನಾನು ಬಿ.ಇ.ಓ. ಕಚೇರಿಯಲ್ಲಿ ಕೇಳಿಕೊಳ್ಳುತ್ತೇನೆ" ಎಂದು ನಯವಾಗಿ ಹೇಳಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯ ಎತ್ತಿ. ಸಮಿತಿಯಲ್ಲಿರುವವರು ಪಾಲಕರೇ ಅಲ್ಲವೇ?

ಅಲ್ಲೂ ಕೆಲಸವಾಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ 10 ರೂಪಾಯಿಯ ಅರ್ಜಿ ಹಾಕಿ. "ನಮ್ಮ ತಾಲ್ಲೂಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಎಷ್ಟು? ಥೆರಪಿಗೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು?" ಎಂದು ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಆ 10 ರೂಪಾಯಿಯೂ ಇಲ್ಲ. ಇದರ ಮೇಲೆ ಬೆಂಗಳೂರಿನಲ್ಲಿ ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಿದ್ದಾರೆ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಇಬ್ಬರಿಗೂ ಅಂಚೆಯಲ್ಲಿ ದೂರು ಕಳುಹಿಸಬಹುದು.

ಖಾಸಗಿ ಶಾಲೆಯಾದರೆ ಮಾತು ಸ್ವಲ್ಪ ಬೇರೆ. 16ನೇ ಸೆಕ್ಷನ್ ಅವರಿಗೂ ಅನ್ವಯಿಸುತ್ತದೆ, ಆದರೆ ಸಮಗ್ರ ಶಿಕ್ಷಣದ ಹಣ ಅವರ ಕೈಗೆ ಬರುವುದಿಲ್ಲ. ಅವರನ್ನು ಕೇಳಬೇಕಾದದ್ದು ಹೀಗೆ: ಥೆರಪಿಸ್ಟರು ಬಂದು ಕೂರಲು ಒಂದು ಕೋಣೆ ಕೊಡಿ, ಇಂಥ ತೊಂದರೆಯಿರುವ ನಾಲ್ಕೈದು ಮಕ್ಕಳನ್ನು ಒಟ್ಟುಗೂಡಿಸಿ ವೆಚ್ಚದಲ್ಲಿ ಶಾಲೆಯೂ ಪಾಲು ಹಾಕಲಿ, ಈ ಮಗುವಿನ ಫೀಸಿನಲ್ಲಿ ಕಡಿತ ಮಾಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ವೈಕಲ್ಯವಿರುವ ಮಗುವಾದರೆ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಗೂ ಅರ್ಜಿ ಹಾಕಿ. ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದ್ದು, ಥೆರಪಿಯ ಖರ್ಚೂ ಒಂದು ಮಿತಿಯೊಳಗೆ ಸೇರಿದೆ.

ನಮ್ಮ ಕಡೆ ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವ ಮನೆಗಳು ಎಷ್ಟಿಲ್ಲ? ಮಗುವಿನ ಥೆರಪಿ ಅಲ್ಲಿಗೇ ನಿಲ್ಲುತ್ತದೆ. ಹೊರಡುವ ಮುಂಚೆ ವರದಿಗಳ ಜೆರಾಕ್ಸ್ ಪ್ರತಿ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಸಾಧ್ಯವಾದರೆ ಮಗುವನ್ನು ನಾನಿಯ ಬಳಿ ಬಿಟ್ಟು ಹೋಗಿ.

ಮನೆಯಲ್ಲಿ ಯಾವ ಭಾಷೆ?

ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು. ರಾಯಚೂರು ಸೀಮೆಯ ಮಗು ಹುಟ್ಟಿನಿಂದಲೇ ಮೂರು ಭಾಷೆ ಕೇಳುತ್ತದೆ. "ಮೂರು ಭಾಷೆ ಕೇಳಿ ಮಗು ಗೊಂದಲಗೊಂಡಿದೆ. ಮನೆಯಲ್ಲಿ ಉರ್ದು ಬಿಡಿ" ಎಂದು ಬುದ್ಧಿ ಹೇಳುವವರಿದ್ದಾರೆ. ಅದು ಸರಿಯಲ್ಲ. ಹಲವು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ತೊಂದರೆ ಇರುವ ಮಗುವಿಗೆ ಎಲ್ಲ ಭಾಷೆಯಲ್ಲೂ ತೊಂದರೆ ಇರುತ್ತದೆ. ತಾಯಿ ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ಮಗುವಿನೊಡನೆ ಎರಡು ಮಾತಾಡಿ ಸುಮ್ಮನಾಗುವುದಕ್ಕಿಂತ, ತನ್ನ ಭಾಷೆಯಲ್ಲಿ ಇಪ್ಪತ್ತು ಮಾತಾಡುವುದು ಮೇಲು. ಥೆರಪಿಸ್ಟರಿಗೆ ಮನೆಯ ಭಾಷೆ ಯಾವುದೆಂದು ಮೊದಲೇ ತಿಳಿಸಿ.

ಥೆರಪಿ ವಾರಕ್ಕೆ ಒಂದೋ ಎರಡೋ ಸಲ. ಉಳಿದ ದಿನ ಥೆರಪಿಸ್ಟರು ನೀವೇ. ರೊಟ್ಟಿ ಬಡಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು 'ಲೊತ್ತಿ' ಎಂದರೆ ಗದರಬೇಡಿ. "ಹೌದು, ರೊಟ್ಟಿ. ಬಿಸಿ ರೊಟ್ಟಿ. ನಿನಗೊಂದು ರೊಟ್ಟಿ" ಎಂದು ಸರಿಯಾದ ಪದವನ್ನು ಕಿವಿಗೆ ಹಾಕಿ. ನೆಂಟರ ಮುಂದೆ ನಿಲ್ಲಿಸಿ, "ಎಲ್ಲಿ, ಹೇಳು ನೋಡೋಣ" ಎನ್ನಬೇಡಿ. ದಿನಕ್ಕೆ ಹತ್ತು ನಿಮಿಷ ಮೊಬೈಲ್, ಟಿ.ವಿ. ಎರಡನ್ನೂ ಆರಿಸಿ ಮಗುವಿನೊಂದಿಗೆ ಮಾತಾಡಿ.

ಕೇಳುವುದು ಬೇಡುವುದಲ್ಲ

ಕೊನೆಯದಾಗಿ ಸಂಕೋಚದ ಮಾತು. ಮಗುವಿಗೆ ನೆರವು ಕೇಳಿದರೆ ಭಿಕ್ಷೆ ಬೇಡಿದಂತೆ ಎಂದು ನಮ್ಮ ಮನೆಗಳಲ್ಲಿ ಭಾವಿಸುತ್ತಾರೆ. ಕುರ್‌ಆನಿನಲ್ಲಿ ಬರುವ ಪ್ರವಾದಿ ಮೂಸಾ(ಅ)ರ ಪ್ರಸಂಗ ನಿಮಗೆ ಗೊತ್ತಿದೆ. ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾದಾಗ ಅವರು ತಮ್ಮ ನಾಲಿಗೆಯ ತೊಡಕನ್ನು ಮುಚ್ಚಿಡಲಿಲ್ಲ. ಅದನ್ನು ಸಡಿಲಿಸೆಂದು ಪ್ರಾರ್ಥಿಸಿದರು, ಜೊತೆಗೆ ಸಹೋದರ ಹಾರೂನ್(ಅ)ರನ್ನು ಸಹಾಯಕ್ಕೆ ಕೊಡೆಂದೂ ಕೇಳಿಕೊಂಡರು. ಅಲ್ಲಾಹನು ಅದನ್ನು ಅನುಗ್ರಹಿಸಿದನು. ಮಾತಿಗೆ ನೆರವು ಕೇಳುವುದರಲ್ಲಿ ಒಬ್ಬ ಪ್ರವಾದಿಗೆ ಇಲ್ಲದ ನಾಚಿಕೆ ನಮಗೇಕೆ?

ಜಮಾಅತಿನವರು, ನೆರೆಹೊರೆಯವರು ಆಟೋ ಖರ್ಚಿಗೋ ಒಂದು ಪರೀಕ್ಷೆಯ ಫೀಸಿಗೋ ನೆರವಾದರೆ ಒಳ್ಳೆಯದೇ. ಆದರೆ ಹಕ್ಕಾಗಿ ಸಿಗಬೇಕಾದುದನ್ನು ದಾನವಾಗಿ ಪಡೆದು ಸುಮ್ಮನಾದರೆ ಆ ನೆರವು ಒಂದು ಮಗುವಿಗೆ ಮುಗಿಯುತ್ತದೆ. ಶಾಲೆಯಲ್ಲಿ ಬರೆದು ಕೇಳಿ ಪಡೆದರೆ ಆ ಬಾಗಿಲು ಪಕ್ಕದ ಓಣಿಯ ಮಗುವಿಗೂ ತೆರೆದಿರುತ್ತದೆ. ಆ ಮಗು ಯಾವ ಜಾತಿ, ಯಾವ ಧರ್ಮದ್ದೇ ಆಗಿರಲಿ.

ಸ್ಪೀಚ್ ಥೆರಪಿಯಿಂದ ಎಲ್ಲ ಮಕ್ಕಳೂ ಒಂದೇ ರೀತಿ ಮಾತಾಡುತ್ತಾರೆಂದು ಯಾರೂ ಭರವಸೆ ಕೊಡಲಾರರು. ಕೆಲವರು ಆರು ತಿಂಗಳಲ್ಲಿ ಸುಧಾರಿಸುತ್ತಾರೆ. ಕೆಲವರಿಗೆ ವರ್ಷಗಳೇ ಬೇಕು. ಕೆಲವರಿಗೆ ಸನ್ನೆ, ಚಿತ್ರ, ಬರಹವೇ ಮಾತಾಗುತ್ತದೆ. ಅದೂ ಮಾತೇ. ಆದರೆ ಬೇಗ ಆರಂಭಿಸಿದಷ್ಟೂ ಲಾಭ ಹೆಚ್ಚು ಎಂಬುದರಲ್ಲಿ ಸಂದೇಹವಿಲ್ಲ.

ಇಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. "ಮಾನ್ಯ ಮುಖ್ಯೋಪಾಧ್ಯಾಯರಿಗೆ" ಎಂದು ಮೊದಲ ಸಾಲು ಬರೆಯಿರಿ. ತಾನು ಹೇಳಬೇಕಾದುದನ್ನು ಹೇಳಲಾರದ ನಿಮ್ಮ ಮಗುವಿನ ಪರವಾಗಿ ಆ ಹಾಳೆ ಮಾತಾಡಲಿ.